ಮೈಕೈ ತುಂಬಿಸಿದ ನಲವತ್ತು ದಿನ

ಬೆಳಗಿನ ಐದೂವರೆಗೆ ಸುಆಮೆ ವೃತ್ತದ ಹತ್ತಿರ ಒಂದು ಟ್ಯಾಕ್ಸಿ ಬಿರಾಗೊಳ ಪಕ್ಕಕ್ಕೆ ಬಂದು ನಿಂತಿತು. ಚಾಲಕ ಕಿಟಕಿಯಿಂದ ತಲೆ ಹೊರಗೆ ಹಾಕಿ, ಸಾವಿನ ಮನೆಗೆ ಬಂದವನ ದನಿಯಲ್ಲಿ, "ಹತ್ಕೊಳ್ಳಿ ಅಮ್ಮಾ. ದುಡ್ಡೇನೂ ಬೇಡ" ಅಂದ.

"ನಾನು ಎಲ್ಲಿಗೂ ಹೋಗ್ತಿಲ್ಲಪ್ಪ."

"ಎಲ್ಲಿಗೂ ಹೋಗದೇ ಇರೋರು ಇಷ್ಟು ಜೋರಾಗಿ ಹೋಗ್ತಾರಾ?"

"ಮೈಗೆ ಒಳ್ಳೇದು ಅಂತ ನಡೀತಿದೀನಿ."

ಅವನು ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದ. ಸಡಿಲವಾದ ರವಿಕೆ, ಸೊಂಟಕ್ಕೆ ಎರಡು ಸುತ್ತು ಹೆಚ್ಚು ಬರುತ್ತಿದ್ದ ಬಟ್ಟೆ, ಕಾಲಲ್ಲಿ ಮಗನ ಹಳೇ ಬೂಟು. "ಮನೇಲಿ ಏನಾದ್ರೂ ಜಗಳ ಆಯ್ತಾ ಅಮ್ಮಾ? ಯಜಮಾನ್ರು ಹೊರಗೆ ಹಾಕಿದ್ರಾ?"

ಬಿರಾಗೊ ಬಾಯಿ ಬಿಟ್ಟಿದ್ದರೆ ಬೆಳಗಿನ ಹೊತ್ತು ಆಡಬಾರದ ಮಾತು ಬರುತ್ತಿತ್ತು. "ದೇವರಿದ್ದಾನೆ ಬಿಡಿ" ಎಂದು ಅವನು ಸಮಾಧಾನ ಹೇಳಿ, ಇಂಜಿನ್ನಿನ ಕಪ್ಪು ಹೊಗೆಯನ್ನು ಅವಳ ಮುಖದ ಮೇಲೆ ಬಿಟ್ಟು ಹೋದ. ಅವಳು ಕೆಮ್ಮಿ, ಮೂಗು ಒರೆಸಿಕೊಂಡು, ತನ್ನ ಮನೆಯಿದ್ದ ಬಾಂತಾಮದ ಕಡೆ ತಿರುಗಿ ಮತ್ತೆ ನಡೆದಳು.

ಕುಮಾಸಿಯಲ್ಲಿ ಐವತ್ತೊಂದು ವರ್ಷದ ಹೆಂಗಸೊಬ್ಬಳು ಒಬ್ಬಳೇ ನಡೆಯುತ್ತಿದ್ದರೆ ಅದಕ್ಕೆ ಮೂರೇ ಕಾರಣ ಎಂದು ಊರಿಗೆ ಊರೇ ತೀರ್ಮಾನಿಸಿಬಿಟ್ಟಿದೆ. ಬಸ್ಸಿಗೆ ಕಾಸಿಲ್ಲ, ಗಂಡ ಓಡಿಸಿದ್ದಾನೆ, ಇಲ್ಲವೇ ತಲೆ ಕೆಟ್ಟಿದೆ. ಈ ಆರು ತಿಂಗಳಲ್ಲಿ ಬಿರಾಗೊಗೆ ಸಿಕ್ಕ ಕರುಣಾಮಯಿಗಳಿಗೆ ಲೆಕ್ಕವಿಲ್ಲ. ಒಬ್ಬ ಮುದುಕಿ ಅವಳ ಕೈಗೆ ಎರಡು ಬೇಯಿಸಿದ ಬಾಳೆಕಾಯಿ ತುರುಕಿದ್ದಳು. ಒಬ್ಬ ಪಾದ್ರಿ ರಸ್ತೆಯ ನಡುವೆಯೇ ತಲೆಯ ಮೇಲೆ ಕೈಯಿಟ್ಟು ದೆವ್ವ ಬಿಡಿಸಲು ನಿಂತಿದ್ದ. ಕೈ ತೆಗಿ ಅಂದರೆ ದೆವ್ವವೇ ಮಾತಾಡುತ್ತಿದೆ ಎಂದು ಇನ್ನೂ ಗಟ್ಟಿಯಾಗಿ ಒತ್ತಿದ. ಜನರ ಬೈಗುಳವನ್ನಾದರೂ ತಡೆದುಕೊಳ್ಳಬಹುದು, ಅವರ ಈ ಅಂಟಂಟು ಕರುಣೆಯನ್ನು ಕಂಡರೆ ಬಿರಾಗೊ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಿದ್ದಳು.

ಅವಳೇನು ಶೋಕಿಗೆ ನಡೆಯಲು ಹೊರಟವಳಲ್ಲ. ಅವಳ ಅಕ್ಕ ದುಫಿಯೆ ಎರಡು ವರ್ಷದ ಹಿಂದೆ ಸಂತೆಯಲ್ಲಿ, ಹೊಗೆ ಹಾಕಿದ ಮೀನಿನ ಬುಟ್ಟಿಗಳ ನಡುವೆ, ಕೂತಲ್ಲೇ ಬಾಯಿ ಸೊಟ್ಟಗಾಗಿ ಒರಗಿದವಳು ಮೂರನೇ ದಿನಕ್ಕೆ ಹೋಗಿಬಿಟ್ಟಳು. ದುಫಿಯೆ ಎಂದರೆ ಸಂತೆಗೆಲ್ಲ ಹೆಮ್ಮೆ. ಅವಳು ಎದ್ದು ನಿಂತರೆ ಹಿಂದಿನ ಮಳಿಗೆ ಕಾಣುತ್ತಿರಲಿಲ್ಲ. ಅವಳ ಕುತ್ತಿಗೆಯ ಮಡಿಕೆಗಳನ್ನು ಹೆಂಗಸರು ಚಿನ್ನದ ಸರ ಎಣಿಸುವ ಹಾಗೆ ಎಣಿಸುತ್ತಿದ್ದರು. ಹೆಣ ಎತ್ತುವ ದಿನ ಶವಪೆಟ್ಟಿಗೆಯ ಬಡಗಿ, "ಇಂಥಾ ಅಗಲದ್ದು ನಾನು ಕೈಯಾರೆ ಮಾಡಿದ್ದು ಇದೇ ಮೊದಲು" ಎಂದು ಬಂದವರಿಗೆಲ್ಲ ತೋರಿಸಿದ. ಆರು ಜನ ಹೊರಬೇಕಾದದ್ದನ್ನು ಎಂಟು ಜನ ಹೊತ್ತರು. ಕುಟುಂಬದ ಹಿರಿಯ, ಬಿರಾಗೊಳ ಸೋದರಮಾವ ಅದುಸೈ, ಕಪ್ಪು ಬಟ್ಟೆ ಹೆಗಲ ಮೇಲೆ ಸರಿಮಾಡಿಕೊಂಡು, "ನಮ್ಮ ಹೆಣ್ಣುಮಗಳು ಹೆಂಗೆ ಬಾಳಿದಳು ಅನ್ನೋದನ್ನ ಈ ಪೆಟ್ಟಿಗೇನೇ ಹೇಳ್ತದೆ!" ಎಂದಾಗ ನೆರೆದವರು ಹೌದು ಹೌದು ಎಂದು ಚಪ್ಪಾಳೆ ತಟ್ಟಿದರು. ಅಕ್ಕನನ್ನು ಕೊಂದದ್ದನ್ನೇ ಈ ಜನ ಹೊಗಳುತ್ತಿದ್ದಾರಲ್ಲ ಎಂದು ಬಿರಾಗೊಗೆ ಅಲ್ಲೇ ವಾಕರಿಕೆ ಬಂದಿತ್ತು. ಅಳುತ್ತಿದ್ದಾಳೆಂದುಕೊಂಡು ಯಾರೋ ಬೆನ್ನು ಸವರಿದ್ದರು.

ಒಂದೂವರೆ ವರ್ಷದ ಮೇಲೆ ಸಂತೆಯ ದವಾಖಾನೆಯಲ್ಲಿ ಅವಳದೇ ಬಿ.ಪಿ. ನೋಡಿದಾಗ ನೂರ ತೊಂಬತ್ತು. ನರ್ಸು ಪಟ್ಟಿ ಬಿಚ್ಚುತ್ತ, "ನಿಮ್ಮಕ್ಕ ಹೋದ ದಾರಿ ನಿಮಗೇ ಗೊತ್ತಿದೆ. ಮಾತ್ರೆ ಒಂದೇ ಸಾಲಲ್ಲ. ದಿನಾ ಒಂದು ಗಂಟೆ ನಡೀರಿ, ಮೈ ಇಳಿಸಿ" ಅಂದಳು. ಮೊದಲ ದಿನ ಬಿರಾಗೊ ಬೀದಿಯ ಕೊನೆಯ ನಲ್ಲಿಯವರೆಗೆ ಹೋಗಿ ಏದುಸಿರು ಬಿಟ್ಟು ಕೂತಳು. ಎರಡನೇ ದಿನ ನಲ್ಲಿ ದಾಟಿದಳು. ಆರನೇ ತಿಂಗಳಿಗೆ ಬಾಂತಾಮದಿಂದ ಸುಆಮೆ ವೃತ್ತಕ್ಕೆ ಹೋಗಿ, ಎಲ್ಲೂ ನಿಲ್ಲದೆ ವಾಪಸು. ಬಿ.ಪಿ. ನೂರ ಮೂವತ್ತನಾಲ್ಕು. ಮಂಡಿ ನೋವು ಮಾಯ. ಮಲಗಿದರೆ ಬೆಳಗಾಗುವವರೆಗೆ ನಿದ್ದೆ. ಏರು ಹತ್ತುವಾಗ ಎದೆ ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡಿರುವುದನ್ನು ಕೇಳುವುದೇ ಅವಳಿಗೆ ದಿನದ ದೊಡ್ಡ ಸುಖವಾಗಿತ್ತು. ಸಾಯಲು ಅವಳಿಗೆ ಇಷ್ಟವಿರಲಿಲ್ಲ, ಅಷ್ಟೇ.

ಆದರೆ ಹತ್ತು ಕೋಣೆ, ಒಂದು ಅಂಗಳದ ವಠಾರದಲ್ಲಿ ಬದುಕುವವರಿಗೆ ಅವರವರ ಮೈ ಅವರವರದ್ದಲ್ಲ. ಆ ದಿನ ಬಿರಾಗೊ ಬೆವರು ಸುರಿಸಿಕೊಂಡು ಒಳಗೆ ಬಂದಾಗ ಎದುರು ಕೋಣೆಯ ಸಾಪೊಮಾ ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಸಾಪೊಮಾ ಚರ್ಚಿನ ಮಹಿಳಾ ಸಂಘದ ಅಧ್ಯಕ್ಷೆ. ಯಾರ ಮನೆಯಲ್ಲಿ ಏನು ಬೆಂದಿತು, ಏನು ಸೀದಿತು ಎಂಬುದು ಅವಳಿಗೆ ಬೇಯಿಸಿದವರಿಗಿಂತ ಮೊದಲು ತಿಳಿಯುತ್ತಿತ್ತು.

"ಅಕ್ಕಾ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ" ಎಂದಳು. "ಏನಾದ್ರೂ ಕಾಯಿಲೇನಾ? ನಂಗೆ ಹೇಳು. ನಾನು ಯಾರಿಗೂ ಹೇಳಲ್ಲ."

"ಯಾರಿಗೂ ಹೇಳದೇ ಇರೋಕೆ ನಿನಗೆ ಬರತ್ತಾ ಸಾಪೊಮಾ?"

"ನಗ್ಬೇಡ. ಕತ್ತಿನ ಮೂಳೆ ನೋಡು, ಹೆಂಗೆ ಕಾಣ್ತಿದೆ. ಮೊದಲು ಹೆಂಗಿದ್ದೆ, ಮೈಕೈ ತುಂಬ್ಕೊಂಡು! ನೋಡಿದೋರಿಗೆ ಹೊಟ್ಟೆ ತುಂಬ್ತಿತ್ತು. ಈಗ ನಿನ್ನ ನೋಡಿದ್ರೆ ನಮಗೇ ಹಸಿವಾಗತ್ತೆ."

"ನಡೆದು ಇಳಿಸ್ಕೊಂಡಿದೀನಿ ಅಂತ ನೂರು ಸಲ ಹೇಳಿದೀನಿ."

"ನಾವೂ ನಡೀತೀವಲ್ಲಕ್ಕಾ! ವರ್ಷಕ್ಕೆರಡು ಸಲ ಚರ್ಚಿನ ಆರೋಗ್ಯ ನಡಿಗೆ ಮಾಡಲ್ವಾ? ಮುಂದೆ ಬ್ಯಾಂಡು, ಎಲ್ಲರಿಗೂ ಒಂದೇ ಬಣ್ಣದ ಟೀಶರ್ಟು, ಆಮೇಲೆ ಹುಳಿ ಜೋಳದ ಕೆಂಕೆ, ಕಬಾಬು, ತಣ್ಣನೆ ಬಾಟ್ಲು. ಅದು ನಡಿಗೆ! ಯಾರಾದ್ರೂ ಒಂದು ಗ್ರಾಂ ಇಳಿದಿದೀವಾ?"

ಇಳಿದಿಲ್ಲವೆಂಬುದು ಸತ್ಯವೇ ಆಗಿತ್ತು. ಬಿರಾಗೊ ಬಕೆಟ್ ತೆಗೆದುಕೊಂಡು ಬಚ್ಚಲಿಗೆ ಹೋದಳು.

ಅವಳ ಗಂಡ ತಾವಿಯಾ ಸುಆಮೆಯ ಗ್ಯಾರೇಜು ಬೀದಿಯಲ್ಲಿ ಲಾರಿಗಳ ಹಳೇ ಬಿಡಿಭಾಗ ಮಾರುವವನು. ಒಳ್ಳೆಯ ಮನುಷ್ಯ, ಅಂದರೆ ಯಾರೊಂದಿಗೂ ಎದುರು ಮಾತಾಡದ ಮನುಷ್ಯ. ಇಪ್ಪತ್ತೇಳು ವರ್ಷದಲ್ಲಿ ಅವನು ಬಿರಾಗೊಗೆ ಬೈದದ್ದಿಲ್ಲ, ಅವಳ ಪರವಾಗಿ ಇನ್ನೊಬ್ಬರಿಗೆ ಬೈದದ್ದೂ ಇಲ್ಲ. ಈಗ ಗ್ಯಾರೇಜಿನಲ್ಲಿ ಅವನ ಬಾಳು ನಾಯಿಪಾಡಾಗಿತ್ತು. "ಏನು ತಾವಿಯಾ, ಹೆಂಡ್ತಿ ಪಾಲಿನ ಊಟ ಯಾವ ಮನೆಗೆ ಹೋಗ್ತಿದೆ?" ಎಂದು ವೆಲ್ಡಿಂಗಿನವರು ಕೇಳುತ್ತಿದ್ದರು. ಒಬ್ಬನಂತೂ ಒಂದು ತೆಳು ಕಬ್ಬಿಣದ ಸಲಾಕೆಗೆ ಬಿರಾಗೊ ಎಂದು ಹೆಸರಿಟ್ಟಿದ್ದ.

"ಹೊರಗೆ ಹೋಗುವಾಗ ಒಳಗೆ ಇನ್ನೊಂದೆರಡು ಬಟ್ಟೆ ಸುತ್ಕೊಂಡು ಹೋಗು" ಎಂದ ಅವನು ಒಂದು ದಿನ.

"ಯಾಕೆ?"

"ಸುಮ್ನೆ. ತುಂಬಿದಂಗೆ ಕಾಣತ್ತೆ."

"ನರ್ಸು ಕೊಟ್ಟ ಚೀಟಿ ನೀವು ನೋಡಿದೀರಲ್ಲ? ನೂರ ತೊಂಬತ್ತು ಎಷ್ಟಕ್ಕೆ ಬಂತು ಗೊತ್ತಲ್ಲ?"

"ಗೊತ್ತು. ಚೀಟಿನ ಹಣೆಗೆ ಅಂಟಿಸ್ಕೊಂಡು ಓಡಾಡೋಕಾಗತ್ತಾ?" ಎಂದವನೇ ರೇಡಿಯೋ ಹಾಕಿಕೊಂಡ.

ಅದಾಗಿ ಎರಡನೇ ಭಾನುವಾರ ಮಧ್ಯಾಹ್ನ ಬಾಗಿಲಿಗೆ ಟ್ಯಾಕ್ಸಿ ಬಂದು ನಿಂತಿತು. ಅದರಿಂದ ಸೋದರಮಾವ ಅದುಸೈಯನ್ನು ಇಬ್ಬರು ಹಿಡಿದು ಇಳಿಸಿದರು. ಹಿಂದೆ ಕುಟುಂಬದ ಇನ್ನು ನಾಲ್ವರು ಹಿರಿಯರು, ಒಂದು ಜಿನ್ ಬಾಟಲಿ. ತಾಯಿಯ ಕಡೆಯವರು ಹೀಗೆ ಬಟ್ಟೆ ಹೊದ್ದು, ಬಾಟಲಿ ಹಿಡಿದು ಬಂದರೆಂದರೆ ಅದು ನ್ಯಾಯ ಕೇಳುವ ಬರವು. ಅಂಗಳದಲ್ಲಿ ಕುರ್ಚಿ ಹಾಕಿದರು. ಬಂದವರಿಗೆ ನೀರು ಕೊಟ್ಟು, ಬಂದ ಕಾರಣವೇನೆಂದು ಕೇಳಿದ್ದಾಯಿತು. ಹತ್ತು ಕೋಣೆಗಳ ಹತ್ತು ಪರದೆಗಳೂ ಒಂದೊಂದು ಗೇಣು ಸರಿದವು. ಸಾಪೊಮಾ ಅಷ್ಟೂ ಸಂಕೋಚವಿಲ್ಲದೆ ಸ್ಟೂಲು ತಂದು ಹಾಕಿಕೊಂಡು ಕೂತಳು.

ಹಿರಿಯ ನೇರವಾಗಿ ಮಾತಾಡುವಂತಿಲ್ಲ, ಅವನ ಪರವಾಗಿ ಮಾತಾಡಲು ಒಬ್ಬ ಮಾತುಗಾರ ಇರಬೇಕು. ಅದುಸೈ ಮೊಣಕೈ ತಗಲುವಷ್ಟು ಹತ್ತಿರ ಕೂತಿದ್ದವನ ಕಿವಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ. ಮಾತುಗಾರ ಅದನ್ನೇ ಎರಡು ಗಾದೆ ಸೇರಿಸಿ ತಾವಿಯಾಗೆ ಹೇಳಿದ.

"ಹಿರಿಯರು ಕೇಳ್ತಿದಾರೆ, ತಾವಿಯಾ. ಇಪ್ಪತ್ತೇಳು ವರ್ಷದ ಹಿಂದೆ ನಿನಗೆ ನಮ್ಮ ಮಗಳನ್ನ ಕೊಟ್ವಿ. ಆಗ ಅವಳ ತೋಳು ಹೆಂಗಿತ್ತು?"

"ದುಂಡಗಿತ್ತು" ಎಂದ ತಾವಿಯಾ ನೆಲ ನೋಡುತ್ತ.

"ಹಿರಿಯರು ಕೇಳ್ತಿದಾರೆ, ಈಗ ಹೆಂಗಿದೆ?"

ತಾವಿಯಾ ಬಾಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡ.

"ಬಿರಾಗೊ, ಎದ್ದು ಒಂದ್ಸಲ ತಿರುಗವ್ವಾ" ಎಂದ ಸೋದರಮಾವ, ಈ ಸಲ ಮಾತುಗಾರನಿಗೆ ಕೆಲಸ ಕೊಡದೆ.

ಬಿರಾಗೊ ಏಳಲಿಲ್ಲ. ಸಂತೆಯಲ್ಲಿ ಗೆಣಸು ಕೊಳ್ಳುವವರು ಒತ್ತಿ ನೋಡುವ ಹಾಗೆ ಹಿರಿಯರಲ್ಲಿದ್ದ ಒಬ್ಬ ಮುದುಕಿ ಪಕ್ಕಕ್ಕೆ ಬಂದು ಅವಳ ತೋಳು ಚಿವುಟಿ ನೋಡಿ, ಹಿಂದಕ್ಕೆ ತಿರುಗಿ ತುಟಿ ಸೊಟ್ಟ ಮಾಡಿದಳು. ಪರದೆಗಳ ಹಿಂದೆ ಯಾರೋ ಲೊಚಗುಟ್ಟಿದರು. ಬಿರಾಗೊ ತೋಳು ಎಳೆದುಕೊಂಡಳು.

"ಮಾವಾ, ನನಗೆ ಬಿ.ಪಿ. ಇತ್ತು" ಎಂದಳು. "ನರ್ಸು ಹೇಳಿದ್ದಕ್ಕೆ ನಡೀತಿದೀನಿ. ಮೈ ಇಳಿದಿದೆ, ಬಿ.ಪಿ.ನೂ ಇಳಿದಿದೆ. ದುಫಿಯೆಕ್ಕ ಹೆಂಗೆ ಹೋದಳು ಅಂತ ನೀವೇ ನೋಡಿದೀರಿ."

"ದುಫಿಯೆ ರಾಣಿ ಥರ ಹೋದಳು!" ಅದುಸೈ ಕೋಲು ಕುಟ್ಟಿದ. "ಎಂಟು ಜನ ಹೊತ್ರು. ನೀನು ಹಿಂಗೇ ಹೋದ್ರೆ ಇಬ್ರು ಸಾಕು, ಅದ್ರಲ್ಲೊಬ್ಬ ಒಂದೇ ಕೈಲಿ ಹಿಡೀಬಹುದು. ಸೊರಗಿದ ಹೆಣ್ಣುಮಗಳು ಊರ ತುಂಬ ನಡ್ಕೊಂಡು ಹೋದ್ರೆ ಆಡೋ ಜನ ಯಾರನ್ನ ಆಡ್ತಾರೆ? ನಮ್ಮನ್ನ! ಕುಟುಂಬ ಕೈಬಿಟ್ಟಿದೆ ಅಂತಾರೆ!"

ಬಿರಾಗೊ ಗಂಡನ ಕಡೆ ನೋಡಿದಳು. ಚೀಟಿ ಅವನ ಅಂಗಿಯ ಪೆಟ್ಟಿಗೆಯಲ್ಲಿತ್ತು, ಅವನೇ ಜೋಪಾನವಾಗಿ ಇಟ್ಟದ್ದು. ಎದ್ದು ಹೋಗಿ ತಂದು ತೋರಿಸಿದ್ದರೆ ಸಾಕಿತ್ತು. ಅವನು ಎರಡು ಕೈಯನ್ನೂ ತೊಡೆಗಳ ನಡುವೆ ಸಿಕ್ಕಿಸಿಕೊಂಡು, "ತಪ್ಪಾಯ್ತು ಮಾವಾ. ನಲವತ್ತು ದಿನ ಕೊಡಿ. ನೀವು ಕೊಟ್ಟಂಗೆ ಮಾಡಿ ತೋರಿಸ್ತೀನಿ" ಅಂದ.

ಹಿರಿಯರಿಗೆ ಖುಷಿಯಾಯಿತು. ಜಿನ್ ಬಾಟಲಿ ತೆರೆದು ಸತ್ತ ಹಿರಿಯರಿಗೆಂದು ನೆಲಕ್ಕೆ ನಾಲ್ಕು ಹನಿ ಬಿಟ್ಟು ತೀರ್ಪು ಹೇಳಿದರು. ನಲವತ್ತು ದಿನ ನಡಿಗೆ ಬಂದ್. ಹೊತ್ತಿಗೆ ಸರಿಯಾಗಿ ಫುಫು ಮುದ್ದೆ, ಶೇಂಗಾ ಸಾರು, ಮಾಂಸ. ನಲವತ್ತನೇ ದಿನ ಮೈ ತುಂಬಿದ ಮಗಳಿಗೆ ತಾಳೆ ಎಣ್ಣೆ ಕಲೆಸಿದ ಗೆಣಸಿನ ಹಿಟ್ಟು, ಬೇಯಿಸಿದ ಮೊಟ್ಟೆ ತಿನ್ನಿಸಿ ಆರತಿ ಮಾಡಿದಷ್ಟು ಸಂಭ್ರಮ. ಬಿರಾಗೊ ಮಾತು ಮೀರಿದರೆ? ಅವಳು ಕೂತು ಮೀನು ಮಾರುವ ಮಳಿಗೆ ತಾಯಿಯಿಂದ ಬಂದದ್ದು, ಅಂದರೆ ಕುಟುಂಬದ್ದು. ಕುಟುಂಬದ ಮಾತು ಕೇಳದವಳು ಕುಟುಂಬದ ಮಳಿಗೆಯಲ್ಲಿ ಕೂರುವಂತಿಲ್ಲ. ಟ್ಯಾಕ್ಸಿಗೆ ಹತ್ತಿಸಲು ಅದುಸೈಯನ್ನು ಇಬ್ಬರು ಎತ್ತಿದರು, ಒಬ್ಬ ಒಳಗಿನಿಂದ ಎಳೆದ.

ನಲವತ್ತು ದಿನ ತಾನೇ ಎಂದುಕೊಂಡಳು ಬಿರಾಗೊ. ತಿಂದಂತೆ ಮಾಡಿ ಸ್ವಲ್ಪವೇ ತಿಂದರಾಯಿತು, ನರ್ಸಿನ ಮಾತ್ರೆ ತಪ್ಪಿಸದಿದ್ದರಾಯಿತು, ನಲವತ್ತೊಂದನೇ ದಿನ ಬೂಟು ಹಾಕಿದರಾಯಿತು.

ಮರುದಿನ ಬೆಳಿಗ್ಗೆ ಕಣ್ಣು ಬಿಟ್ಟಾಗ ತಾವಿಯಾ ಮಂಚದ ಪಕ್ಕದಲ್ಲಿ ನಿಂತಿದ್ದ, ಕೈಯಲ್ಲಿ ಬಟ್ಟಲು. ಮೆಕ್ಕೆಜೋಳದ ಗಂಜಿ, ಮೇಲೆ ಹಾಲು, ಸಕ್ಕರೆ. ಮದುವೆಯಾದ ಮೇಲೆ ಅವನು ಅವಳಿಗೆ ಒಂದು ಲೋಟ ನೀರು ಕೊಟ್ಟ ನೆನಪಿರಲಿಲ್ಲ. ಅಂಗಳದಲ್ಲಿ ಮಾತಾಡಲಾಗದ್ದಕ್ಕೆ ಹೀಗೆ ಕ್ಷಮೆ ಕೇಳುತ್ತಿದ್ದಾನೆ ಎಂದುಕೊಂಡು ಅವಳ ಮನಸ್ಸು ಸ್ವಲ್ಪ ಕರಗಿತು. ಕುಡಿದಳು. ಅಂದಿನಿಂದ ದಿನವೂ ಬಟ್ಟಲು ಬಂತು.

ಒಂದು ವಾರಕ್ಕೆ ಅವಳಿಗೆ ಏನೋ ಆಗತೊಡಗಿತು. ಹಸಿವು. ಅಂಥ ಹಸಿವನ್ನು ಅವಳು ಬಸುರಿಯಾಗಿದ್ದಾಗಲೂ ಕಂಡಿರಲಿಲ್ಲ. ಫುಫುವಿನ ಉಂಡೆ ನುಂಗಿ ಕೈ ತೊಳೆಯುವ ಮೊದಲೇ ಇನ್ನೊಂದು ಬೇಕೆನಿಸುತ್ತಿತ್ತು. ಮಳಿಗೆಯಲ್ಲಿ ಕೂತು ತಾನು ಮಾರುವ ಮೀನನ್ನು ತಾನೇ ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಮಧ್ಯಾಹ್ನವಾದರೆ ಕಣ್ಣು ಎಳೆಯುತ್ತಿತ್ತು, ಗಿರಾಕಿ ಎದುರಿಗಿದ್ದಂತೆಯೇ ತೂಕಡಿಕೆ. ಮೂರನೇ ವಾರಕ್ಕೆ ರವಿಕೆ ಬಿಗಿಯಾಯಿತು. ಐದನೇ ವಾರಕ್ಕೆ ಮಂಡಿ ಮತ್ತೆ ಕಿರುಗುಟ್ಟಿತು. ತನ್ನ ಆರು ತಿಂಗಳ ಹಟವೆಲ್ಲ ಒಂದು ಬಟ್ಟಲು ಸಾರಿನ ಮುಂದೆ ಸೋತಿತಲ್ಲ, ನಾನೂ ಒಬ್ಬಳು ಮನುಷ್ಯಳೇ, ಎಂದು ಅವಳು ತನ್ನನ್ನು ತಾನೇ ಬೈದುಕೊಂಡಳು. ಬೈದುಕೊಳ್ಳುತ್ತಲೇ ಮತ್ತೆ ಬಡಿಸಿಕೊಂಡಳು. ನರ್ಸಿನ ಮುಖ ನೋಡಲು ನಾಚಿಕೆಯಾಗಿ ದವಾಖಾನೆಯ ಕಡೆ ಹೋಗುವುದನ್ನೇ ಬಿಟ್ಟಳು.

ನಲವತ್ತನೇ ದಿನ ಬಂತು, ಅಂದೇ ಚರ್ಚಿನ ಆರೋಗ್ಯ ನಡಿಗೆ. "ಮೊದಲು ನಮ್ಮ ನಡಿಗೆ, ಸಂಜೆ ನಿನ್ನ ಮೊಟ್ಟೆ ಹಬ್ಬ. ಎಲ್ಲರೂ ನಿನ್ನ ನೋಡ್ಲಿ" ಎಂದು ಸಾಪೊಮಾ ಹಳದಿ ಟೀಶರ್ಟು ತಂದು ಅವಳ ತಲೆಯ ಮೇಲಿಂದ ಎಳೆದು ತೊಡಿಸಿದಳು. ಎದೆಯ ಮೇಲೆ 'ಆರೋಗ್ಯವೇ ದೇವರ ಕೊಡುಗೆ' ಎಂದು ಅಚ್ಚಾಗಿತ್ತು. ಆರು ವಾರದ ಮೇಲೆ ನೂರು ಹೆಜ್ಜೆಯಾದರೂ ನಡೆಯಬಹುದಲ್ಲ ಎಂದು ಬಿರಾಗೊ ಹೊರಟಳು.

ಚರ್ಚಿನ ಅಂಗಳದಲ್ಲಿ ಜಾತ್ರೆಯಷ್ಟು ಜನ. ಬ್ಯಾಂಡಿನವರು ತುತ್ತೂರಿ ಒರೆಸುತ್ತಿದ್ದರು. ಒಂದು ಕಡೆ ಆಗಲೇ ಕಬಾಬಿನ ಇದ್ದಿಲು ಹೊಗೆಯಾಡುತ್ತಿತ್ತು. ಬಿರಾಗೊ ಗೇಟಿನೊಳಗೆ ಕಾಲಿಟ್ಟದ್ದೇ ಹೆಂಗಸರು ಕೇಕೆ ಹಾಕಿದರು.

"ಅಯ್ಯೋ ನೋಡ್ರೇ! ನಮ್ಮ ಬಿರಾಗೊ ವಾಪಸ್ ಬಂದ್ಳು!"

"ಬಂದಿದ್ದು ಒಬ್ಬಳಲ್ಲ ಕಣೇ, ಇಬ್ಬರು!"

"ಡುಮ್ಮಕ್ಕಾ, ಒಂದು ಸುತ್ತು ತಿರುಗು! ಹಿಂದೂ ನೋಡ್ತೀವಿ!"

ತುತ್ತೂರಿಯವನೊಬ್ಬ ತಮಾಷೆಗೆ ಒಂದು ಕುಣಿತದ ಮಟ್ಟು ಊದಿದ. ಬಿರಾಗೊ ನಕ್ಕಳು. ನಕ್ಕು, ಸೊಂಟದ ಮೇಲೆ ಕೈಯಿಟ್ಟು, ಸುತ್ತ ತಿರುಗಿ ತೋರಿಸಿದಳು. ಎಷ್ಟೋ ತಿಂಗಳ ಮೇಲೆ ಜನ ಅವಳನ್ನು ಕರುಣೆಯಿಲ್ಲದೆ ನೋಡುತ್ತಿದ್ದರು. ಬಿಸಿಲು ಬಿದ್ದ ಹಾಗೆ ಹಿತವಾಯಿತು.

ನಡಿಗೆಗೆ ಮೊದಲು ಎಲ್ಲರ ಬಿ.ಪಿ. ನೋಡಲು ಮರದ ಕೆಳಗೆ ಮೇಜು ಹಾಕಿದ್ದರು. ಹೆಚ್ಚಿನವರು ಆ ಕಡೆ ಸುಳಿಯಲಿಲ್ಲ. ಸಾಪೊಮಾ ಬಿರಾಗೊಳನ್ನು ಎಳೆದುಕೊಂಡು ಹೋಗಿ ಕೂರಿಸಿ, "ನೋಡಮ್ಮ, ಈಗ ಎಷ್ಟು ಆರೋಗ್ಯವಾಗಿದಾಳೆ ಅಂತ ಬರಕೋ" ಅಂದಳು. ಮೇಜಿನ ಹಿಂದಿದ್ದ ಹುಡುಗಿ ಪಟ್ಟಿ ಕಟ್ಟಿ ಒತ್ತಿದಳು. ನೋಡಿದಳು. ಬಿಚ್ಚಿ ಮತ್ತೆ ಕಟ್ಟಿದಳು.

"ನೂರ ತೊಂಬತ್ತಾರು, ಅಮ್ಮಾ. ನೀವು ನಡೆಯೋದು ಬೇಡ, ಆಸ್ಪತ್ರೆಗೆ ಹೋಗಿ. ಮಾತ್ರೆ ಏನೇನು ತಗೋತಿದೀರಿ?"

"ಬಿ.ಪಿ. ಮಾತ್ರೆ ಒಂದೇ."

"ಬೇರೆ ಯಾವುದೂ ಇಲ್ವಾ? ಇತ್ತೀಚೆಗೆ ತುಂಬ ನಿದ್ದೆ, ಹಸಿವು ಏನಾದ್ರೂ?"

ಬಿರಾಗೊ ಬಾಯಿ ತೆರೆಯುವ ಮೊದಲೇ ಸಾಪೊಮಾ ಕಿಸಕ್ಕನೆ ನಕ್ಕಳು. "ಆಗ್ದೇ ಏನು? ದಿನಾ ಗಂಜಿಗೆ ಹಸಿವಿನ ಸಿರಪ್ಪು ಬೀಳ್ತಿದೆಯಲ್ಲ! ಬಾಟ್ಲಿ ತಂದುಕೊಟ್ಟೋಳು ನಾನೇ. ಪಾಪ, ತಾವಿಯಾ ಬಂದು ಕೈ ಮುಗಿದ. ನಾಲ್ಕು ಬಾಟ್ಲಿ ಆಯ್ತು. ನಿನಗೆ ಹೇಳಿದ್ರೆ ಕುಡಿಯಲ್ಲ ಅಂತ ಹೇಳಲಿಲ್ಲ ಅಕ್ಕಾ." ಅವಳ ಮುಖದಲ್ಲಿ ಕಳ್ಳತನದ ಸುಳಿವಿರಲಿಲ್ಲ. ಉಪಕಾರ ಮಾಡಿದವಳ ಕಳೆಯಿತ್ತು. "ಸಂಘದಲ್ಲಿ ಎಲ್ಲರಿಗೂ ಗೊತ್ತು. ಎಲ್ಲರೂ ನಿನಗೋಸ್ಕರ ಪ್ರಾರ್ಥನೆ ಮಾಡಿದೀವಿ. ಆ ನಂಬರು ಗಿಂಬರು ನೋಡ್ಬೇಡ, ಕನ್ನಡಿ ನೋಡು!"

ಹಿಂದೆ ನಿಂತಿದ್ದ ಹೆಂಗಸರು ಹೌದೆಂದು ತಲೆ ಆಡಿಸಿದರು. ಒಬ್ಬಳು ಪ್ರೀತಿಯಿಂದ ಬಿರಾಗೊಳ ಕೆನ್ನೆ ಹಿಂಡಿದಳು. ಆ ಬೆರಳಿಗೆ ಕಬಾಬಿನ ಜಿಡ್ಡಿತ್ತು.

ಬಿರಾಗೊ ಈ ನಲವತ್ತು ದಿನ ತನ್ನನ್ನು ತಾನು ಹೊಟ್ಟೆಬಾಕಿ ಎಂದು ಬೈದುಕೊಂಡದ್ದು, ನರ್ಸಿಗೆ ಮುಖ ಮರೆಸಿದ್ದು, ಗಂಡನ ಬಟ್ಟಲಿಗೆ ಕರಗಿದ್ದು, ಎಲ್ಲ ಒಟ್ಟಿಗೇ ಮೇಲೆ ಬಂತು. ಇವರು ಅವಳನ್ನು ಹಬ್ಬದ ಕುರಿಯ ಹಾಗೆ ಮೇಯಿಸಿದ್ದರು. ಅದೂ ಅಷ್ಟು ಪ್ರೀತಿಯಿಂದ. ಅದಕ್ಕಿಂತ ಹೇಸಿಗೆಯೆನಿಸಿದ್ದು ಇನ್ನೊಂದು. ಕಾಲು ಗಂಟೆಯ ಹಿಂದೆ ಅದೇ ಮೈಯನ್ನು ಇವರ ಮುಂದೆ ಸುತ್ತ ತಿರುಗಿಸಿ ತೋರಿಸಿದ್ದಳಲ್ಲ ತಾನು, ಮತ್ತು ಅದು ಹಿತವಾಗಿತ್ತಲ್ಲ.

ಅವಳು ಪಟ್ಟಿ ಬಿಚ್ಚಿಕೊಂಡು ಎದ್ದಳು. ಗೇಟಿನ ಕಡೆ ಬಿರುಸಾಗಿ ಹೊರಟಳು. ಅಷ್ಟೇ ಸಾಕಾಯಿತು. ಮಹಿಳಾ ಸಂಘದ ಅಧ್ಯಕ್ಷೆಯ ಪಕ್ಕದಿಂದ ಹಳದಿ ಟೀಶರ್ಟಿನ ಒಬ್ಬ ಘನವಾದ ಹೆಂಗಸು ಕೈ ಬೀಸಿಕೊಂಡು ಹೊರಟದ್ದನ್ನು ಕಂಡ ಬ್ಯಾಂಡಿನ ಮುಖ್ಯಸ್ಥ, ನಡಿಗೆ ಶುರುವಾಯಿತೆಂದುಕೊಂಡು ಕೋಲು ಎತ್ತಿದ. ಡೋಲು ಗುಡುಗಿತು, ತುತ್ತೂರಿಗಳು ಕಿರುಚಿದವು, ಇನ್ನೂರು ಹಳದಿ ಟೀಶರ್ಟುಗಳು ಜಯಘೋಷ ಮಾಡುತ್ತ ಬಿರಾಗೊಳ ಬೆನ್ನು ಹತ್ತಿದವು.

"ಹೋಗ್ರೋ!" ಎಂದು ತಿರುಗಿ ಕೂಗಿದಳು. ಅವರು ಅದನ್ನೂ ಘೋಷಣೆಯೆಂದುಕೊಂಡು "ಹೋ!" ಎಂದರು. ಜೋರಾಗಿ ನಡೆದರೆ ಬ್ಯಾಂಡೂ ಜೋರಾಯಿತು. ಅಂಗಡಿಯವರು ಹೊರಗೆ ಬಂದು ಚಪ್ಪಾಳೆ ತಟ್ಟಿದರು. ಇಷ್ಟು ತಿಂಗಳು ಅವಳಿಗೆ ಮರುಕ ತೋರಿಸಿದ ಅದೇ ಬೀದಿ ಈಗ "ಭಲೇ ಅಮ್ಮಾ!" ಅನ್ನುತ್ತಿತ್ತು. ಎರಡು ಫರ್ಲಾಂಗಿಗೆ ತುತ್ತೂರಿಯವನ ಉಸಿರು ಕಟ್ಟಿತು. ಮೂರನೇ ಫರ್ಲಾಂಗಿಗೆ ಅಧ್ಯಕ್ಷೆಯ ಚಪ್ಪಲಿ ಕಿತ್ತುಹೋಯಿತು. ಕೂಡುರಸ್ತೆಯಲ್ಲಿ ತಣ್ಣನೆ ಬಾಟಲಿಯ ಅಂಗಡಿ ಕಂಡದ್ದೇ ಆರೋಗ್ಯ ನಡಿಗೆ ಮುಗಿಯಿತು. ಬಿರಾಗೊ ತಿರುವು ದಾಟಿ, ಅವರ ಕಣ್ಣಿಗೆ ಬೀಳದ ಜಾಗದಲ್ಲಿ ಒಂದು ಕಲ್ಲಿನ ಮೇಲೆ ಕುಸಿದು ಕೂತಳು. ಕಿವಿಯಲ್ಲಿ ರಕ್ತ ಬಡಿಯುತ್ತಿತ್ತು. ಉಸಿರು ಒಂದು ಹದಕ್ಕೆ ಬರಲು ಬಹಳ ಹೊತ್ತು ಹಿಡಿಯಿತು. ಎದ್ದು ಆಟೋ ಹಿಡಿದು ದವಾಖಾನೆಗೆ ಹೋಗಿ, ನರ್ಸಿನ ಬೈಗುಳ ತಿಂದು, ಅಲ್ಲೇ ಸಂಜೆಯವರೆಗೆ ಮಲಗಿದಳು. ಗೆಣಸಿನ ಹಿಟ್ಟು, ಮೊಟ್ಟೆ ಹಿಡಿದು ಬಂದಿದ್ದ ಹಿರಿಯರು ಕಾದು ಕಾದು ತಾವೇ ತಿಂದು ಹೋದರು.

ನರ್ಸು ಹೊಸ ಮಾತ್ರೆ ಕೊಟ್ಟು ಒಂದು ವಾರ ವಿಶ್ರಾಂತಿ ಹೇಳಿದಳು. ಆ ವಾರ ಬಿರಾಗೊ ತಂಗಿಯ ಮನೆಯಲ್ಲಿದ್ದಳು. "ಇನ್ನು ನಿಧಾನಕ್ಕೆ ಶುರು ಮಾಡಿ, ಮೊದಲ ದಿನದ ಹಾಗೆ" ಎಂದು ನರ್ಸು ಹೇಳಿದ ಸಂಜೆ ವಠಾರಕ್ಕೆ ವಾಪಸು ಬಂದಳು. ತಾವಿಯಾನಿಗೆ ಬೆನ್ನು ಹಾಕಿ ಮಲಗಿದಳು.

ಬೆಳಿಗ್ಗೆ ಕಣ್ಣು ಬಿಟ್ಟಾಗ ಅವನು ಮಂಚದ ಪಕ್ಕದಲ್ಲಿ ನಿಂತಿದ್ದ, ಕೈಯಲ್ಲಿ ಬಟ್ಟಲು.

ಬಿರಾಗೊ ಎದ್ದು ಕೂತು ಬಟ್ಟಲನ್ನು ತೆಗೆದುಕೊಂಡಳು. ತೆಗೆದುಕೊಂಡು ಅವನ ಕಡೆಗೇ ಚಾಚಿದಳು. "ನೀವು ಕುಡೀರಿ."

"ನಂಗೆ ಬೇಡ. ನಿನಗೆ ಅಂತ..."

"ಒಂದು ಗುಟುಕು. ಕುಡೀರಿ, ನೋಡೋಣ."

ತಾವಿಯಾ ಗಂಜಿ ನೋಡಿದ. ಕೆನೆ ಕಟ್ಟುವವರೆಗೂ ನೋಡಿದ. ಕೈ ಎತ್ತಲಿಲ್ಲ.

"ಇವತ್ತೂ ಹಾಕಿದೀರಾ!" ಎಂದಳು ಬಿರಾಗೊ. "ಥೂ! ನಾನು ಸತ್ತರೂ ಸರಿ, ಹೆಣ ದುಂಡಗಿರ್ಬೇಕು ನಿಮಗೆ!"

"ಗ್ಯಾರೇಜಲ್ಲಿ ನನ್ನ ಏನಂತಾರೆ ನಿಂಗೆ ಗೊತ್ತಿಲ್ಲ ಕಣೇ" ಎಂದ ಅವನು. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅದನ್ನು ಕಂಡು ಅವಳಿಗೆ ಮರುಕವೂ ಬರಲಿಲ್ಲ. "ಮಾವ ಮೊನ್ನೆಯೇ ಹೇಳಿ ಹೋಗಿದಾರೆ. ನೀನು ಮತ್ತೆ ನಡೆದ್ರೆ ಮಳಿಗೆ ಬಿಡಿಸ್ತಾರೆ."

"ಬಿಡಿಸ್ಲಿ. ಬೀಗದ ಕೈ ಅಲ್ಲಿದೆ, ಕೊಟ್ಬಿಡಿ. ಮೀನನ್ನ ತಲೆ ಮೇಲೆ ಹೊತ್ತು ಬೀದಿ ಬೀದಿ ಮಾರ್ತೀನಿ. ಅದೂ ನಡಿಗೇನೆ."

ಬಟ್ಟಲನ್ನು ಅವನ ಕೈಗೆ ತುರುಕಿ ಬೂಟು ಹಾಕಿಕೊಂಡಳು. ಬಗ್ಗಿ ದಾರ ಕಟ್ಟಲು ಹೊಟ್ಟೆ ಅಡ್ಡ ಬಂತು. ಎರಡು ಸಲ ಉಸಿರು ತೆಗೆದುಕೊಂಡು ಕಟ್ಟಿದಳು. ಅಂಗಳ ದಾಟುವಾಗ ಪರದೆಗಳು ಅಲುಗಿದವು.

ನಲ್ಲಿಯವರೆಗೆ ಹೋಗುವಷ್ಟರಲ್ಲಿ ಎದೆ ಉಬ್ಬಸ ಹಿಡಿಯಿತು. ನಡಿಗೆಯ ಮೊದಲ ದಿನ ಕೂತ ಜಾಗದಲ್ಲೇ ಗೋಡೆ ಹಿಡಿದು ನಿಂತಳು. ಮತ್ತೆ ಮೊದಲಿನಿಂದ. ರಸ್ತೆ ಗುಡಿಸುತ್ತಿದ್ದ ಪರಿಚಯವಿಲ್ಲದ ಹೆಂಗಸೊಬ್ಬಳು ಪೊರಕೆ ನಿಲ್ಲಿಸಿ, ಅವಳನ್ನು ಕಣ್ತುಂಬ ನೋಡಿ, ಕಪಟವಿಲ್ಲದೆ ನಕ್ಕಳು.

"ಎಷ್ಟು ಚೆನ್ನಾಗಿದೀಯವ್ವಾ! ಗಂಡ ಚೆನ್ನಾಗಿ ನೋಡ್ಕೊಳ್ತಾನೆ ಅಂತ ಕಾಣತ್ತೆ."

ಬಿರಾಗೊಳ ತುಟಿ ತಾನಾಗಿ ಅರಳಿತು. ಒಳಗೆ ಎಲ್ಲೋ, ಅವಳು ಕೇಳದೆಯೇ, ಅದೇ ಹಾಳು ಖುಷಿ ಬಾಲ ಅಲ್ಲಾಡಿಸಿಕೊಂಡು ಎದ್ದು ಬಂತು. ಇದನ್ನು ಯಾರೂ ಗಂಜಿಯಲ್ಲಿ ಕಲೆಸಿರಲಿಲ್ಲ. ಬಿರಾಗೊ ಚರಂಡಿಯ ಕಡೆ ತಿರುಗಿ, ಬಾಯಲ್ಲಿದ್ದಷ್ಟನ್ನೂ ಕ್ಯಾಕರಿಸಿ ಉಗಿದಳು.

"ಅಯ್ಯೋ, ನಾನೇನಂದೆ?" ಎಂದಳು ಗುಡಿಸುವವಳು ಬೆಚ್ಚಿ.

"ನಿನಗಲ್ಲ ತಾಯಿ" ಎಂದಳು ಬಿರಾಗೊ. ಬಾಯಿ ಒರೆಸಿಕೊಂಡು ನಲ್ಲಿ ದಾಟಿದಳು.